ಗಿಡದ ಟ್ಯಾಂಕಿಗೆ ಸಿಓಟೂ ಹೆಂಗ ಕೊಡೂದು: ಈಸ್ಟ್ ಬಾಟಲಿ, ಲಿಂಬಿ ಉಪ್ಪು, ಸಿಲಿಂಡರ್, ಇಲ್ಲಾ ಏನೂ ಬ್ಯಾಡ?

ಹೋದ ವಾರ ವಿಜಯಪುರದಿಂದ ನಮ್ಮ ಮಾಮಾನ ಮಗ ಫೋನ್ ಹಚ್ಚಿದ್ದ. 2 ಫೂಟಿನ ಟ್ಯಾಂಕ್ ತಂದಾನ, ಗಿಡಾ ಹಚ್ಯಾನ, ಮೀನು ಬಿಟ್ಟಾನ, ಈಗ ಮೂರು ದಿನದಿಂದ ಅಂವಗ ನಿದ್ದಿ ಇಲ್ಲ. ಒಬ್ಬಾಂವ ಹೇಳ್ಯಾನಂತ ಏರ್ ಪಂಪ್ ಬಂದ್ ಮಾಡು, ಸಿಓಟೂ (ಗಿಡಕ್ಕ ಊಟ ಆಗೂ ಕಾರ್ಬನ್ ಡೈಆಕ್ಸೈಡ್ ಗ್ಯಾಸ್) ಎಲ್ಲಾ ಹಾರಿ ಹೋಗತೈತಿ ಅಂತ, ಇನ್ನೊಬ್ಬಾಂವ ಹೇಳ್ಯಾನಂತ ಪಂಪ್ ಬಂದ್ ಮಾಡಿದ್ರ ಮೀನು ಸಾಯ್ತಾವ ಅಂತ, ಅಂಗಡಿಯಾಂವ ಅಂತೂ ಸಿಲಿಂಡರ್ ಬಿಟ್ರ ಬ್ಯಾರೆ ಮಾತ ಆಡವಲ್ಲ. "ಅಣ್ಣಾ, ನೀ ಒಂದು ಹೇಳು, ನಾ ಅದನ್ನ ಮಾಡಿ ಬಿಡ್ತೀನಿ" ಅಂದ. ಒಂದು ಹೇಳಾಕ ಬರಂಗಿಲ್ಲಪಾ ಅಂದೆ. ಯಾಕಂದ್ರ ಇದ ಪ್ರಶ್ನೆ ಕೇಳಿದ ಬೆಳಗಾವಿ ಗೆಳೆಯಾಗ ನಾ ಹೇಳಿದ್ದು ಬ್ಯಾರೆ, ಬಾಗಲಕೋಟ್ಯಾಗ ನಮ್ಮ ಓಣಿ ಹುಡುಗಗ ಹೇಳಿದ್ದು ಬ್ಯಾರೆ. ಅದಕ್ಕ ಎಲ್ಲಾ ಒಮ್ಮೆ ಬರದ ಬಿಡ್ತೀನಿ, ನೋಡಿ ನೀವ ಆರಿಸ್ಕೋರಿ.

ಮೊದಲ ಒಂದು ತಪ್ಪು ತಿಳುವಳಿಕಿ ತಗದು ಒಗೀರಿ. ನೀರಾಗ ಆಕ್ಸಿಜನ್ನು ಸಿಓಟೂ ಎರಡೂ ತಕ್ಕಡಿ ಇದ್ದಂಗ, ಒಂದು ಏರಿದ್ರ ಇನ್ನೊಂದು ಇಳೀತೈತಿ ಅಂತ ಭಾಳ ಮಂದಿ ತಿಳಕೊಂಡಾರ. ಹಂಗೇನಿಲ್ಲರೀ. ಚಾದಾಗ ಸಕ್ರಿ ಹಾಕಿದ್ರ ಶುಂಠಿ ಹೊರಗ ಓಡಿ ಹೋಗತೈತೇನು? ಎರಡೂ ತಮ್ಮ ಪಾಡಿಗೆ ತಾವು ಕರಗತಾವ. ಮಧ್ಯಾಹ್ನ ಲೈಟ್ ಹತ್ತಿ, ಸಿಓಟೂ 25 ಪಿಪಿಎಂ (ಲೀಟರ್ ನೀರಿಗೆ 25 ಮಿಲಿಗ್ರಾಂ) ಇದ್ದು, ಎಲಿ ಮ್ಯಾಲೆ ಸಣ್ಣ ಸಣ್ಣ ಮುತ್ತಿನಂಥ ಗುಳ್ಳಿ ಕುಂತಿದ್ರ, ಅಲ್ಲಿ ಆಕ್ಸಿಜನ್ನೂ ತುಂಬಿ ತುಳಕತಿರ್ತೈತಿ, ನೀರಿಗೆ ಇನ್ನ ಹಿಡಿಯಾಕ ಆಗದ್ದಕ್ಕ ಅದು ಗುಳ್ಳಿ ಆಗಿ ಕಾಣೂದು. ರಾತ್ರಿ ಆಟ ಉಲ್ಟಾ. ಗಿಡ ಆಕ್ಸಿಜನ್ ಕೊಡೂದು ಬಂದ್ ಮಾಡಿ ತಾವೂ ಮೀನಿನಂಗ ಉಸಿರಾಡಾಕ ಹತ್ತತಾವ, ಫಿಲ್ಟರಿನ್ಯಾಗಿನ ಬ್ಯಾಕ್ಟೀರಿಯಾನೂ ಹಗಲು ರಾತ್ರಿ ಆಕ್ಸಿಜನ್ ತಿಂತಾವ, ಎಲ್ಲಾರೂ ಸೇರಿ ಸಿಓಟೂ ಬಿಡ್ತಾರ. ಅಂದ್ರ ಒಂದು ಇನ್ನೊಂದನ್ನ ದಬ್ಬೂದಲ್ಲ, ಒಂದ ಉಸಿರು ಎರಡೂ ಕೆಲಸಾ ಮಾಡತೈತಿ.

ಯಾವುದರ ಮ್ಯಾಲೆ ತೂಗಬೇಕು

ನಾ ಯಾವ ವಿಧಾನ ನೋಡಿದ್ರೂ ಮೊದಲನೇ ಪ್ರಶ್ನೆ ಇದು: ನಸುಕಿನ 4 ಗಂಟೆಕ್ಕ ಕರೆಂಟ್ ಹೋತು, ಮನ್ಯಾಗ ಎಲ್ಲಾರೂ ಮಲಗ್ಯಾರ, ಆಗ ಈ ಸಾಮಾನು ಏನ್ ಮಾಡತೈತಿ? ಗ್ಯಾಸ್ ತಾನ ನಿಂದರತೈತೋ, ಇಲ್ಲಾ ಬಿಡಕೋತ ಕುಂಡರತೈತೋ? ಮಂದಿ ಮೊದಲ ರೇಟ್ ಕೇಳ್ತಾರ, ಗಿಡ ಎಷ್ಟು ಕೆಂಪಗ ಆಗತಾವ ಅಂತ ಕೇಳ್ತಾರ, ಇದನ್ನ ಮಾತ್ರ ಯಾರೂ ಕೇಳಂಗಿಲ್ಲ. ನಾನೂ ಕೇಳಿರಲಿಲ್ಲ, ಆ ಕಥಿ ಮುಂದ ಐತಿ.

ಎರಡನೇದು ನೀರು. ನಾ ಬೆಳಗಾವಿ ಟಿಳಕವಾಡ್ಯಾಗ ಬಾಡಗಿ ಇದ್ದಾಗ ನಳದ ನೀರು ಟೆಸ್ಟ್ ಮಾಡಿದ್ರ ಕೆಎಚ್ (ನೀರಿನ ಕಾರ್ಬೊನೇಟ್ ಗಡಸುತನ) 3 ಬರ್ತಿತ್ತು, ಘಟ್ಟದ ಮಳಿ ನೀರು, ಮೆತ್ತಗ. ಬಾಗಲಕೋಟಿಗೆ ಬಂದು ಬೋರಿನ ನೀರು ನೋಡಿದ್ರ 12. ಸುಣ್ಣದ ಕಲ್ಲಿನ ಸೀಮಿ, ಬಕೀಟಿಗೆ ಬಿಳಿ ಪಟ್ಟಿ ಕಟ್ಟೂ ನೀರು, ಇನ್ನೇನ್ ಬರಬೇಕು. ಇದು ಯಾಕ ಮುಖ್ಯ ಅಂದ್ರ, ನೀರಾಗ ಸಿಓಟೂ ಎಷ್ಟೈತಿ ಅನ್ನೂದನ್ನ ಕೆಎಚ್, ಪಿಎಚ್ (ನೀರು ಎಷ್ಟು ಹುಳಿ ಅನ್ನೂ ಅಳತಿ) ಎರಡೂ ಕೂಡಿ ಹೇಳತಾವ. 7ರಾಗ ಪಿಎಚ್ ಕಳೀರಿ, 10ನ್ನ ಅಷ್ಟು ಘಾತಕ್ಕ ಏರಸ್ರಿ, ಅದನ್ನ ಕೆಎಚ್‌ನಿಂದ ಗುಣಿಸಿ ಹೊಳ್ಳಿ 3ರಿಂದ ಗುಣಿಸ್ರಿ, ಪಿಪಿಎಂ ಸಿಗತೈತಿ. ಈ ಲೆಕ್ಕದಾಗ 30 ಪಿಪಿಎಂ ಬೇಕಂದ್ರ ಬೆಳಗಾವಿಯ ಆ 3ರ ನೀರಾಗ ಪಿಎಚ್ 6.5ಕ್ಕ ಇಳೀಬೇಕು, ನಮ್ಮ 12ರ ನೀರಾಗ 7.1 ಬಂದ್ರ ಸಾಕು. ಈಗ ಯಾರೋ ವಿಡಿಯೋದಾಗ ಪಿಎಚ್ 6.6 ಮಾಡ್ರಿ ಅಂದಾನಂತ ನಮ್ಮ ಬೋರಿನ ನೀರಿಗೆ ಗ್ಯಾಸ್ ತಿರುವಕೋತ ಹ್ವಾದ್ರ 90 ಪಿಪಿಎಂ ಆಗತೈತಿ. ಮೀನು ಉಳಿಯಂಗಿಲ್ಲ. ವಿಡಿಯೋ ಮಾಡಿದಾಂವಂದೂ ತಪ್ಪಿಲ್ಲ, ಅವನ ನೀರ ಬ್ಯಾರೆ.

ಕೆಎಚ್ ಟೆಸ್ಟ್ ಮಾಡೂದು ಬ್ಯಾಸರಾಗತಿದ್ರ ಡ್ರಾಪ್ ಚೆಕರ್ ತಗೋರಿ. ಟ್ಯಾಂಕಿನ ಒಳಗ ಹಚ್ಚೂ ಸಣ್ಣ ಗಾಜಿನ ಬುರುಡಿ, ಅದರಾಗ ಬಣ್ಣ ಬದಲಿಸೂ 4 ಕೆಎಚ್ ದ್ರಾವಣ, ಬಣ್ಣ ನೀಲಿ ಇದ್ರ ಕಮ್ಮಿ, ಹಸರು ಇದ್ರ ಹತ್ತತ್ರ 30, ಹಳದಿ ಆದ್ರ ಕೈ ಮೀರೈತಿ. ಒಳಗ ಟ್ಯಾಂಕಿನ ನೀರು ಹಾಕಬ್ಯಾಡ್ರಿ, ಆ ದ್ರಾವಣನ ಇರಬೇಕು. ಬಣ್ಣ ಬದಲಾಗೂದು ಒಂದೆರಡು ತಾಸು ತಡಾ, ಅದನ್ನೂ ತಲ್ಯಾಗ ಇಟ್ಟಕೋರಿ.

ಮೂರನೇದು ಬಿಸಲು. 20 ಡಿಗ್ರಿ ನೀರು ಲೀಟರಿಗೆ ಹೆಚ್ಚಂದ್ರ 9.1 ಮಿಲಿಗ್ರಾಂ ಆಕ್ಸಿಜನ್ ಹಿಡೀತೈತಿ, 30 ಡಿಗ್ರಿಗೆ 7.5 ಅಷ್ಟ, ಅದೂ ಸಮುದ್ರದ ಮಟ್ಟದಾಗ, ನಮ್ಮ ಎತ್ತರಕ್ಕ ಇನ್ನೂ ಸ್ವಲ್ಪ ಕಮ್ಮಿ. ಬಿಸಿ ನೀರಾಗ ಮೀನಿಗೆ ಆಕ್ಸಿಜನ್ ಬೇಕಾಗೂದು ಮಾತ್ರ ಹೆಚ್ಚ. ಏಪ್ರಿಲ್ ಮೇದಾಗ ವಿಜಯಪುರ ಬಾಗಲಕೋಟಿ ಮನ್ಯಾಗ ಟ್ಯಾಂಕ್ 32 ಮುಟ್ಟೂದು ಹೊಸಾದೇನಲ್ಲ, ಆಗ 30 ಪಿಪಿಎಂ ಹಟಾ ಬಿಟ್ಟು 15–20ಕ್ಕ ಇಳಸೂದು ಶ್ಯಾಣೇತನ. ಜೊತಿಗೆ ನೀರಿನ ಮ್ಯಾಲೆ ಒಂದು ಸಣ್ಣ ಫ್ಯಾನ್ ಇಡ್ರಿ, ನಮ್ಮ ಒಣ ಗಾಳ್ಯಾಗ ಕೂಲರಿನಂಗ ಕೆಲಸಾ ಮಾಡಿ 2–3 ಡಿಗ್ರಿ ಇಳಸತೈತಿ. ನೀರು ಆರಿದ್ದಕ್ಕ ಬೋರಿನ ನೀರು ಹಾಕಬ್ಯಾಡ್ರಿ, ಸುಣ್ಣ ಉಳಕೊಂಡು ಉಳಕೊಂಡು ಕೆಎಚ್ ಏರತೈತಿ, ಆರ್‌ಓ ನೀರು ಹಾಕ್ರಿ.

ಆಮ್ಯಾಲೆ ರೊಕ್ಕ, ವ್ಯಾಳ್ಯಾ, ಯಾವ ಗಿಡ ಯಾವ ಮೀನು. ಇದು ಒಂದೊಂದರ ಜೋಡಿನ ಬರತೈತಿ.

ಗ್ಯಾಸ ಇಲ್ಲದ ಟ್ಯಾಂಕ್

ಇದನ್ನ ಬಡವರ ದಾರಿ ಅಂತ ನೋಡೂದು ನನಗ ಸೇರಂಗಿಲ್ಲ. ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೋಕೋರಿನ್, ಮಾಸ್ ಇವಕ್ಕ ಗ್ಯಾಸಿನ ಹಂಗಿಲ್ಲ. ವ್ಯಾಲಿಸ್ನೇರಿಯಾ ಅಂತೂ ನಮ್ಮ ಗಡಸು ನೀರಿಗೆ ಹೇಳಿ ಮಾಡಿಸಿದ್ದು, ಸಿಓಟೂ ಸಿಗಲಿಲ್ಲಂದ್ರ ನೀರಾಗಿನ ಬೈಕಾರ್ಬೊನೇಟಿನಿಂದನ ಕಾರ್ಬನ್ ಎಳಕೊತೈತಿ, ಹಾರ್ನ್‌ವರ್ಟೂ ಹಂಗ. ಬೆಳಗಾವಿಯವರು ಯಾವುದನ್ನ ಬೆಳಸಾಕ ತಿಣಕತಾರೋ ಅದು ನಮ್ಮ ಬೋರಿನ ನೀರಾಗ ಕಾಡ ಬೆಳದಂಗ ಬೆಳೀತೈತಿ. ನೀರಿನ ಮ್ಯಾಲೆ ತೇಲೂ ಗಿಡ ಗಾಳ್ಯಾಗಿನ ಸಿಓಟೂ ಸೀದಾ ತಗೋತಾವ, ಪಾಚಿಗೆ ಊಟ ಸಿಗದಂಗ ಮಾಡತಾವ, ಆದ್ರ ಪೂರ್ತಿ ಮುಚ್ಚಾಕ ಬಿಡಬ್ಯಾಡ್ರಿ, ಗಾಳಿ ನೀರು ಕೂಡೂ ಜಾಗಾನ ಮುಚ್ಚಿ ಹೋಗತೈತಿ.

ಕೆಳಗ ಮಣ್ಣು ಹಾಕಿ ಮ್ಯಾಲೆ ಉಸುಕು ಹಾಕೂ ಪದ್ಧತಿನೂ ಐತಿ, ಮಣ್ಣಾಗಿನ ಕಸ ಕೊಳತು ಸ್ವಲ್ಪ ಸಿಓಟೂ ಬರತೈತಿ. ಅದಕ್ಕ ಮಸಾರಿ ಮಣ್ಣು ಚಲೋ. ಎರಿ ಮಣ್ಣು ಹಾಕಬ್ಯಾಡ್ರಿ, ಜ್ವಾಳಕ್ಕ ಅದು ಬಂಗಾರ ಖರೆ, ಟ್ಯಾಂಕಿನ್ಯಾಗ ಉಬ್ಬಿ ಕೆಸರಾಗಿ ಮ್ಯಾಲೆ ಸುಣ್ಣಾನೂ ಬಿಡತೈತಿ.

ಇಲ್ಲಿ ಏರ್ ಪಂಪ್ 24 ತಾಸು ನಡೀಲಿ, ಚಿಂತಿ ಬ್ಯಾಡ. ಸಿಓಟೂ ಹಾರಿ ಹೋಗತೈತಿ ಅನ್ನೂ ಮಾತು ಈ ಟ್ಯಾಂಕಿಗೆ ಅನ್ವಯನ ಇಲ್ಲ. ಮಧ್ಯಾಹ್ನದಷ್ಟೊತ್ತಿಗೆ ಗಿಡ ಇದ್ದ ಸಿಓಟೂ ತಿಂದು ಮುಗಿಸಿರ್ತಾವ, ಪಂಪ್ ನೀರು ತಿರುವಿದಾಗ ಗಾಳ್ಯಾಗಿಂದು ಹೊಳ್ಳಿ ಒಳಗ ಬರತೈತಿ. ಲೈಟ್ 6–7 ತಾಸಿಗಿಂತ ಹೆಚ್ಚ ಹಚ್ಚಬ್ಯಾಡ್ರಿ ಅಷ್ಟ, ಊಟ ಇಲ್ಲದ ಮನ್ಯಾಗ ದುಡಿ ದುಡಿ ಅಂದಂಗ ಆಗತೈತಿ, ಪಾಚಿ ಬರತೈತಿ. ನಸುಕಿನ ಪರೀಕ್ಷೆದಾಗ ಇದಕ್ಕ ಫುಲ್ ಮಾರ್ಕ್ಸ್. ಕೆಂಪು ಗಿಡ, ಹಸರು ಗಾಲಿಚಾದಂಗ ಹರಡೂ ಹುಲ್ಲು ಬೇಕಂದ್ರ ಮಾತ್ರ ಇಲ್ಲಿ ಸಿಗಂಗಿಲ್ಲ.

ಈಸ್ಟ್ ಬಾಟಲಿ

2 ಲೀಟರಿನ ಪೆಪ್ಸಿ ಬಾಟಲಿ, ಒಂದು ಬಟ್ಟಲು ಸಕ್ರಿ, ಕಾಲು ಚಮಚ ಈಸ್ಟ್, ಉಗರ ಬೆಚ್ಚನ ನೀರು, ಮುಚ್ಚಳಕ್ಕ ತೂತು ಹಾಕಿ ಪೈಪ್. ಖರ್ಚು ನೂರು ರೂಪಾಯಿ ಒಳಗ. ಕಾಲೇಜ್ ಹುಡುಗರು ಎಲ್ಲಾರೂ ಇದರಿಂದನ ಶುರು ಮಾಡ್ತಾರ, ನಾನೂ ಮಾಡಿದ್ದೆ. ಸಕ್ರಿ ತಿಂದು ಈಸ್ಟ್ ಸಿಓಟೂ ಬಿಡತೈತಿ, ಜೊತಿಗೆ ಬಾಟಲ್ಯಾಗ ದಾರುನೂ ಆಗತೈತಿ, ನಮ್ಮವ್ವ ವಾಸನಿ ನೋಡಿ ಒಂದು ವಾರ ನನ್ನ ಜೋಡಿ ಮಾತಾಡಿರಲಿಲ್ಲ.

ಇದರ ರೋಗ ಏನಂದ್ರ ಇದಕ್ಕ ಬಂದ್ ಬಟನ್ ಇಲ್ಲ. ರಾತ್ರಿನೂ ಬಿಡತೈತಿ, ಕರೆಂಟ್ ಹ್ವಾದ್ರೂ ಬಿಡತೈತಿ, ಮತ್ತ ಬ್ಯಾಸಗ್ಯಾಗ ಎರಡು ವಾರ ಬರಬೇಕಾದ್ದು ಒಂದು ವಾರದಾಗ ಜೋರಾಗಿ ಉಕ್ಕಿ ಮುಗೀತೈತಿ. ಒಂದು ಮೇ ತಿಂಗಳು, ರಾತ್ರಿ ಗಾಳಿ ಮಳಿ, ಕರೆಂಟ್ ಹೋತು. ಫಿಲ್ಟರ್ ನಿಂತು ನೀರಿನ ಮ್ಯಾಲಿನ ಅಲಿ ನಿಂತ್ವು, ಬಾಟಲಿ ಮಾತ್ರ ಗುಳುಗುಳು ಗುಳುಗುಳು. ನೀರು ಅಲುಗಾಡಿದ್ರ ಹೆಚ್ಚಾದ ಸಿಓಟೂ ಹೊರಗ ಹೋಗ್ತಿತ್ತು, ಆಕ್ಸಿಜನ್ ಒಳಗ ಬರ್ತಿತ್ತು, ಎರಡೂ ಬಾಗಿಲಾ ಒಮ್ಮೆ ಮುಚ್ಚಿದಂಗ ಆತು. ಮುಂಜಾನೆ ಎದ್ದು ನೋಡಿದ್ರ 14 ನಿಯಾನ್ ಟೆಟ್ರಾದಾಗ 11 ತೇಲ್ಯಾಡತಿದ್ವು. ಬೆಟ್ಟಾ ಒಂದ ಆರಾಮ ಇತ್ತು, ಅದು ಮ್ಯಾಲೆ ಬಂದು ಗಾಳಿ ಕುಡಿಯೂ ಮೀನು.

ಹಂಗಂತ ಇದು ಕೆಟ್ಟದ್ದಂತ ಅಲ್ಲ. 20–30 ಲೀಟರಿನ ಸಣ್ಣ ಟ್ಯಾಂಕು, ಮೀನು ಕಮ್ಮಿ, ಥಂಡಿ ದಿನ, ಎರಡು ತಿಂಗಳು ಗ್ಯಾಸಿನ ರುಚಿ ನೋಡ್ತೀನಿ ಅನ್ನಾವರಿಗೆ ಇರಲಿ. ರಾತ್ರಿ ಏರ್ ಪಂಪ್ ಹಚ್ಚಿರಬೇಕು, ಅದು ಇನ್ವರ್ಟರಿನ ಮ್ಯಾಲೆ ಇರಬೇಕು. ಇನ್ವರ್ಟರ್ ಇಲ್ಲದವರು ಇದನ್ನ ಬಿಟ್ಟು ಬಿಡ್ರಿ.

ಲಿಂಬಿ ಉಪ್ಪು, ಅಡಗಿ ಸೋಡಾ

ಸಿಟ್ರಿಕ್ ಆಸಿಡ್ ಕಿರಾಣಿ ಅಂಗಡ್ಯಾಗ ಲಿಂಬಿ ಉಪ್ಪು ಅಂದ್ರ ಕೊಡ್ತಾರ. ನಮ್ಮ ಕಾಕಾ ಒಬ್ಬರು "ಇಂಡಿ ಲಿಂಬಿಹಣ್ಣ ಹಿಂಡಿದ್ರ ಆಗಂಗಿಲ್ಲೇನೋ" ಅಂತ ಕೇಳಿದ್ರು. ಆಗತೈತಿ ಕಾಕಾ, ಒಂದು ಚೀಲ ಬೇಕಾಗತೈತಿ.

200 ಗ್ರಾಂ ಲಿಂಬಿ ಉಪ್ಪು 200 ಗ್ರಾಂ ಸೋಡಾ ಪೂರ್ತಿ ಕೂಡಿದ್ರ ಲೆಕ್ಕಕ್ಕ 105 ಗ್ರಾಂ ಸಿಓಟೂ ಬರತೈತಿ. ಎರಡು ಬಾಟಲಿ, ಒತ್ತಡ ತೋರಸೂ ಮೀಟರ್, ಸಣ್ಣ ವಾಲ್ವ್ ಇರೂ ಕಿಟ್ಟು ಆನ್‌ಲೈನಿನ್ಯಾಗ ಸಾವಿರದಿಂದ ಎರಡು ಸಾವಿರಕ್ಕ ಸಿಗತೈತಿ, ಸ್ಟೀಲಿನ ಡಬ್ಬಿದು ಅದಕ್ಕಿಂತ ತುಟ್ಟಿ. ಈಸ್ಟಿಗಿಂತ ದೊಡ್ಡ ಉಪಕಾರ ಅಂದ್ರ ಗುಳ್ಳಿ ಎಷ್ಟು ಬೇಕೋ ಅಷ್ಟ ಬಿಡಬಹುದು, ರಾತ್ರಿ ವಾಲ್ವ್ ಮುಚ್ಚಿ ಮಲಗಬಹುದು, ಇಲ್ಲಾ ಸೊಲೆನಾಯ್ಡ್ (ಕರೆಂಟಿನ ಮ್ಯಾಲೆ ನಡಿಯೂ ವಾಲ್ವ್) ಇರೂ ಕಿಟ್ ತಗೊಂಡ್ರ ಟೈಮರಿಗೆ ಹಚ್ಚಿ ಬಿಡಬಹುದು. ನನ್ನ 2 ಫೂಟಿನ ಟ್ಯಾಂಕಿಗೆ ಒಮ್ಮೆ ತುಂಬಿದ್ದು ಎರಡು ವಾರ ಬರ್ತಿತ್ತು, ಸಾಮಾನಿಗೆ 60–70 ರೂಪಾಯಿ. ತ್ರಾಸ ಏನಂದ್ರ ಎರಡು ವಾರಕ್ಕೊಮ್ಮೆ ಬಿಚ್ಚು, ತೊಳಿ, ತುಂಬು, ಲೀಕ್ ನೋಡು. ಮೊದಲ ಎರಡು ತಿಂಗಳು ಹುರುಪು ಇರತೈತಿ, ಆಮ್ಯಾಲೆ ಬಾಟಲಿ ಖಾಲಿ ಆಗಿ ನಾಕು ದಿನ ಆದ್ರೂ ನಾಳೆ ನೋಡೂಣು ಅಂತ ಬಿಡ್ತೀವಿ, ಸಿಓಟೂ ಒಂದಿನ 30 ಒಂದಿನ 3 ಆದ್ರ ಕರಿ ಬ್ರಷ್ ಪಾಚಿ ಕುಣಕೋತ ಬರತೈತಿ. ಗ್ಯಾಸ್ ಕಮ್ಮಿ ಇದ್ರೂ ಚಿಂತಿಲ್ಲ, ದಿನಾ ಒಂದ ತರಾ ಇರಬೇಕು. ಮತ್ತ ಮೀಟರ್ ಇಲ್ಲದ, ಒತ್ತಡ ಹೆಚ್ಚಾದ್ರ ತಾನ ಬಿಡೂ ವಾಲ್ವ್ ಇಲ್ಲದ ಸೋವಿ ಮುಚ್ಚಳ ತಗೋಬ್ಯಾಡ್ರಿ, ಬಾಟಲಿ ಒಡದ್ರ ಹಾಲ್ ತುಂಬ ಹುಳಿ ನೀರು.

ಸಿಲಿಂಡರ್

ರೆಗ್ಯುಲೇಟರ್, ಸೊಲೆನಾಯ್ಡ್, ಸಿಲಿಂಡರ್, ಡಿಫ್ಯೂಸರ್ (ಗ್ಯಾಸನ್ನ ಸಣ್ಣ ಗುಳ್ಳಿ ಮಾಡಿ ನೀರಿಗೆ ಬಿಡೂ ಸಾಮಾನು) ಎಲ್ಲಾ ಕೂಡಿ ಎಂಟರಿಂದ ಹದಿನೈದು ಸಾವಿರ ಒಮ್ಮೆಲೆ ಹೋಗತೈತಿ. ಕೇಳಿದ್ರ ಎದಿ ಝಲ್ ಅಂತೈತಿ ಖರೆ, ಆದ್ರ ಲೆಕ್ಕಾ ಮಾಡ್ರಿ. 2 ಕೆಜಿ ಗ್ಯಾಸ್ ಅಂದ್ರ ಲಿಂಬಿ ಉಪ್ಪಿನ 19 ಸಲದ ತುಂಬೂದಕ್ಕ ಸಮ. ನನಗ ಅದು ಎಂಟು ತಿಂಗಳು ಬಂತು. ದೊಡ್ಡ ಟ್ಯಾಂಕ್ ಇದ್ದವರಿಗೆ, ಇಲ್ಲಾ ಎರಡು ಟ್ಯಾಂಕ್ ಇದ್ದವರಿಗೆ ಕಡೀಕ ಇದ ಸೋವಿ. ಗ್ಯಾಸ್ ತುಂಬಸೂದು ನಮ್ಮ ಕಡೆ ಕಷ್ಟ ಅಂತಾರಲ್ಲ, ಸೋಡಾ ಮಾಡಾವರನ್ನ ಕೇಳ್ರಿ, ವೆಲ್ಡಿಂಗ್ ಗ್ಯಾಸ್ ಮಾರಾವರನ್ನ ಕೇಳ್ರಿ. ಬೆಳಗಾವ್ಯಾಗ ಉದ್ಯಮಬಾಗ ಕಡೆ ಅಂತೂ ಫೌಂಡ್ರಿ ಸಾಲ ಐತಿ, ಉಸುಕಿನ ಅಚ್ಚು ಗಟ್ಟಿ ಮಾಡಾಕ ಇದ ಸಿಓಟೂ ಬಿಡೂ ಪದ್ಧತಿ ಫೌಂಡ್ರ್ಯಾಗ ಹಳೇದು, ಅಲ್ಲಿಯವರಿಗೆ ಗ್ಯಾಸ್ ಸಿಗೂದು ಕಷ್ಟಲ್ಲ. ಬಾಗಲಕೋಟಿ ವಿಜಯಪುರದಾಗ ಮೊದಲ ಫೋನ್ ಮಾಡಿ ಸಣ್ಣ ಸಿಲಿಂಡರ್ ತುಂಬತೀರೇನು ಅಂತ ಕೇಳಿ ಆಮ್ಯಾಲೆ ಸಾಮಾನು ಖರೀದಿ ಮಾಡ್ರಿ, ಉಲ್ಟಾ ಮಾಡಬ್ಯಾಡ್ರಿ.

ನಸುಕಿನ ಪರೀಕ್ಷೆದಾಗ ಇದು ಪಾಸ್. ಸೊಲೆನಾಯ್ಡ್ ಕರೆಂಟ್ ಇದ್ರ ಮಾತ್ರ ತೆರೀತೈತಿ, ಕರೆಂಟ್ ಹ್ವಾದ ಕೂಡಲೇ ತಾನ ಮುಚ್ಚತೈತಿ. ಇಲ್ಲಿ ಒಂದು ಸೂಕ್ಷ್ಮ ಐತಿ, ಸೊಲೆನಾಯ್ಡನ್ನ ಇನ್ವರ್ಟರ್ ಲೈನಿಗೆ ಹಚ್ಚಬ್ಯಾಡ್ರಿ, ಫಿಲ್ಟರ್ ಏರ್ ಪಂಪ್ ಹಚ್ಚರಿ. ಉಲ್ಟಾ ಆದ್ರ ಫಿಲ್ಟರ್ ನಿಂತಿರತೈತಿ, ಗ್ಯಾಸ್ ನಡದಿರತೈತಿ, ಹದಿನೈದು ಸಾವಿರ ಕೊಟ್ಟು ಈಸ್ಟ್ ಬಾಟಲಿ ತಂದಂಗ.

ಸೋವಿ ರೆಗ್ಯುಲೇಟರಿನ ದೋಷ ಅಂದ್ರ, ಗ್ಯಾಸ್ ಮುಗಿಯಾಕ ಬಂದಾಗ ಹೊರಗಿನ ಒತ್ತಡ ಏರಿ ಉಳದಿದ್ದೆಲ್ಲಾ ಒಮ್ಮೆ ಟ್ಯಾಂಕಿಗೆ ಬಿಡಬಹುದು. ಎರಡು ಹಂತದ ರೆಗ್ಯುಲೇಟರ್ ಹಂಗ ಮಾಡಂಗಿಲ್ಲ, ತುಟ್ಟಿ ಖರೆ, ರೊಕ್ಕ ಎಲ್ಲಿ ಉಳಸಲಿ ಅಂತ ಕೇಳಿದ್ರ ಲೈಟಿನ್ಯಾಗ ಉಳಸ್ರಿ, ಡಿಫ್ಯೂಸರಿನ್ಯಾಗ ಉಳಸ್ರಿ, ಇಲ್ಲಿ ಬ್ಯಾಡ. ಮೀಟರ್ ನೋಡಿ ಗ್ಯಾಸ್ ಎಷ್ಟ ಉಳದೈತಿ ಅಂತ ಗೊತ್ತಾಗಂಗಿಲ್ಲ. ಒಳಗ ಸಿಓಟೂ ನೀರಿನಂಗ ಇರೂತನಕ ಒತ್ತಡ ಬರೇ ಸೆಕಿ ಹೇಳಿದಂಗ ಕೇಳತೈತಿ, 20 ಡಿಗ್ರಿಗೆ 57 ಬಾರ್, 30ಕ್ಕ 72. ತೂಕ ಮಾಡಿನ ನೋಡಬೇಕು. 31 ಡಿಗ್ರಿ ದಾಟಿದ್ರ ನೀರು ಗ್ಯಾಸ್ ಭೇದ ಹೋಗಿ, ಹೆಚ್ಚ ತುಂಬಿದ ಸಿಲಿಂಡರಿನ ಒತ್ತಡ ಸರ್ರಂತ ಏರತೈತಿ. ನಮ್ಮೂರಾಗ 31 ಅಂದ್ರ ಬ್ಯಾಸಗಿ ಮುಂಜಾನಿ ಹೊತ್ತು. ಅದಕ್ಕ ಬರದ ತೂಕಕ್ಕಿಂತ ಹೆಚ್ಚ ತುಂಬಸಬ್ಯಾಡ್ರಿ, ಬಿಸಲಾಗ ಇಡಬ್ಯಾಡ್ರಿ, ಮಾಳಗಿ ಮ್ಯಾಲಿನ ತಗಡಿನ ಖೋಲ್ಯಾಗ ಇಡಬ್ಯಾಡ್ರಿ, ನಿಂದರಿಸೇ ಇಡ್ರಿ. ಸಿಲಿಂಡರಿನ ಹೆಗಲ ಮ್ಯಾಲೆ ಟೆಸ್ಟ್ ಮಾಡಿದ ತಾರೀಖು ಹೊಡದಿರತಾರ, ಅದನ್ನ ನೋಡದ ಹಳೇ ಸಿಲಿಂಡರ್ ತಗೋಬ್ಯಾಡ್ರಿ.

ಇನ್ನೊಂದು, ಮೀನಿನ ಚಿಂತ್ಯಾಗ ಮನಶ್ಯಾರನ್ನ ಮರೀಬ್ಯಾಡ್ರಿ. 2 ಕೆಜಿ ಪೂರ್ತಿ ಸೋರಿದ್ರ 10 ಫೂಟ್ ಉದ್ದ ಅಗಲ ಎತ್ತರದ ಮುಚ್ಚಿದ ಖೋಲ್ಯಾಗ ಗಾಳಿಯ ನೂರಕ್ಕ ನಾಕರಷ್ಟು ಸಿಓಟೂ ಆಗತೈತಿ, ಅದು ಜೀವಕ್ಕ ಅಪಾಯದ ಮಟ್ಟ. ಕಿಡಕಿ ಮುಚ್ಚಿ ಎಸಿ ಹಚ್ಚಿ ಮಲಗೂ ಸಣ್ಣ ಖೋಲಿ ಬ್ಯಾಡ, ಹಾಲಿನ್ಯಾಗ ಇಡ್ರಿ. ಕಾರಿನ್ಯಾಗ ತರೂ ಮುಂದ ಗ್ಲಾಸ್ ಇಳಸ್ರಿ.

ಲಿಕ್ವಿಡ್ ಕಾರ್ಬನ್

ಬಾಟಲಿ ಮ್ಯಾಲೆ ಕಾರ್ಬನ್ ಅಂತ ಬರದಿದ್ರೂ ಅದು ಸಿಓಟೂ ಅಲ್ಲ, ಬಹುತೇಕ ಗ್ಲುಟರಾಲ್ಡಿಹೈಡ್, ದವಾಖಾನ್ಯಾಗ ಸಾಮಾನು ಜಂತುಮುಕ್ತ ಮಾಡೂ ಔಷಧಿ. ಪಾಚಿ ಕೊಲ್ಲಾಕ ಛಲೋ, ಗ್ಯಾಸಿಗೆ ಬದಲಿ ಅಲ್ಲ. ವ್ಯಾಲಿಸ್ನೇರಿಯಾ ಮತ್ತ ಕೆಲವು ಮಾಸ್ ಇದಕ್ಕ ಕರಗಿ ಹೋಗತಾವ, ಅಂದ್ರ ನಮ್ಮ ಗಡಸು ನೀರಾಗ ಚಂದ ಬೆಳೀತಿದ್ದದ್ದನ್ನ ಇದು ತಿಂತೈತಿ. ಕೈಗೆ ಗ್ಲೌಸ್ ಹಾಕ್ರಿ. ನಾ ತರೂದು ಬಿಟ್ಟೀನಿ.

ಆಕ್ಸಿಜನ್ ಕಡೆ

ಗ್ಯಾಸ್ ಕೊಡೂ ಟ್ಯಾಂಕಿಗೆ ಹಗಲ ಹೊತ್ತು ಏರ್ ಸ್ಟೋನ್ (ಏರ್ ಪಂಪಿನ ಗಾಳಿ ಗುಳ್ಳಿ ಮಾಡೂ ಕಲ್ಲು) ಬ್ಯಾಡ, ಫಿಲ್ಟರಿನ ಬಾಯಿ ಮ್ಯಾಲಕ್ಕ ತಿರುವಿ ನೀರಿನ ಮ್ಯಾಲೆ ಸಣ್ಣ ಅಲಿ ಬರೂಹಂಗ ಇಡ್ರಿ, ಸ್ವಲ್ಪ ಸಿಓಟೂ ಹೋಗತೈತಿ, ಹೋಗಲಿ, ಒಂದು ಗುಳ್ಳಿ ಹೆಚ್ಚ ಬಿಟ್ರಾತು. ನೀರಿನ ಮ್ಯಾಲೆ ಎಣ್ಣಿ ಪದರ ಕಟ್ಟಿದ್ರ ನ್ಯೂಸ್‌ಪೇಪರ್ ಹಾಸಿ ಎತ್ತಿ ತಗೀರಿ. ಗ್ಯಾಸ್ ಲೈಟಿಗಿಂತ ಒಂದೆರಡು ತಾಸು ಮೊದಲ ಶುರು, ಲೈಟ್ ಆರೂದಕ್ಕ ಒಂದು ತಾಸು ಮೊದಲ ಬಂದ್. ಲೈಟ್ ಆರಿದ ಕೂಡಲೇ ಏರ್ ಪಂಪ್ ಶುರು, ಇದಕ್ಕೂ ಟೈಮರ್ ಹಚ್ಚರಿ. ಪಂಪ್ ತಿನ್ನೂದು 3–5 ವ್ಯಾಟ್, ಇನ್ವರ್ಟರಿಗೆ ಅದು ಲೆಕ್ಕಕ್ಕ ಇಲ್ಲ. ಇನ್ವರ್ಟರ್ ಇಲ್ಲಂದ್ರ ಕರೆಂಟ್ ಹ್ವಾದ ಕೂಡಲೇ ತಾನ ಶುರು ಆಗೂ ಬ್ಯಾಟರಿ ಪಂಪ್ ಬರತಾವ. ಪಂಪ್ ನೀರಿನ ಮಟ್ಟಕ್ಕಿಂತ ಮ್ಯಾಲೆ ಇಡ್ರಿ, ಇಲ್ಲಾ ಪೈಪಿಗೆ ಚೆಕ್ ವಾಲ್ವ್ ಹಾಕ್ರಿ, ಇಲ್ಲಂದ್ರ ಪಂಪ್ ನಿಂತಾಗ ನೀರು ಪೈಪಿನ ಗುಂಟ ಇಳಿದು ಪಂಪಿಗೆ, ಪಂಪಿನಿಂದ ಸ್ವಿಚ್ ಬೋರ್ಡಿಗೆ.

ಮೀನು ಮ್ಯಾಲೆ ಬಂದು ಬಾಯಿ ಬಿಡಾಕ ಹತ್ತಿದ್ರ ಮೊದಲ ಗಡಿಯಾರ ನೋಡ್ರಿ. ಮುಂಜಾನೆ ಲೈಟ್ ಹತ್ತೂಕಿಂತ ಮೊದಲಾದ್ರ ಆಕ್ಸಿಜನ್ ಕಮ್ಮಿ ಬಿದ್ದೈತಿ, ರಾತ್ರಿ ಪಂಪ್ ಹಚ್ಚರಿ, ಮೀನು ಹೆಚ್ಚಿದ್ರ ಕಮ್ಮಿ ಮಾಡ್ರಿ, ಊಟ ಕಮ್ಮಿ ಹಾಕ್ರಿ. ಗ್ಯಾಸ್ ಶುರು ಆಗಿ ಎರಡು ಮೂರು ತಾಸಿಗೆ ಆದ್ರ ಸಿಓಟೂ ಹೆಚ್ಚಾಗೈತಿ, ಆಕ್ಸಿಜನ್ ಎಷ್ಟ ತುಂಬಿದ್ರೂ ಮೀನಿನ ರಕ್ತದಾಗಿನ ಸಿಓಟೂ ಕಿವುರಿನಿಂದ ಹೊರಗ ಹೋಗವಲ್ದು, ಗ್ಯಾಸನ ಇಳಸಬೇಕು. ಅವತ್ತಿನ ಮಟ್ಟಿಗೆ ಗ್ಯಾಸ್ ಬಂದ್ ಮಾಡಿ ಪಂಪ್ ಜೋರ ಹಚ್ಚರಿ, ಎರಡಕ್ಕೂ ಅದ ಮದ್ದು. ಹೊಸಾದಾಗಿ ಗ್ಯಾಸ್ ಶುರು ಮಾಡಾವರು ಆಯಿತವಾರ ಮಾಡ್ರಿ, ದಿನಾ ಪೂರ್ತಿ ಮನ್ಯಾಗ ಇರಾಕ ಸಿಗತೈತಿ, ಸೆಕೆಂಡಿಗೆ ಒಂದು ಗುಳ್ಳಿಯಿಂದ ಶುರು ಮಾಡಿ ಮರುದಿನ ನೋಡಿನ ಏರಸೂದು.

ಹಿಂಗಾಗಿ ಬೆಳಗಾವಿ ಗೆಳೆಯಾಗ, ಮೆತ್ತನ ನೀರು, 4 ಫೂಟಿನ ಟ್ಯಾಂಕು, ಕೆಂಪು ಗಿಡದ ಹುಚ್ಚು, ಸಿಲಿಂಡರ್ ತಗೋ ಅಂದಿದ್ದೆ. ಓಣಿ ಹುಡುಗಗ ಪಗಾರ ಇನ್ನ ಶುರು ಆಗಿಲ್ಲ, ವ್ಯಾಳ್ಯಾ ರಗಡ ಐತಿ, ಅವಗ ಲಿಂಬಿ ಉಪ್ಪು. ಮಾಮಾನ ಮಗಗ ಬೋರಿನ ನೀರು, ಗಪ್ಪಿ ಮೀನು, ವಾರದಾಗ ನಾಕು ದಿನ ಕೆಲಸಕ್ಕಂತ ಊರ ಬಿಟ್ಟಿರ್ತಾನ. ಅವಗ ಗ್ಯಾಸ ಬ್ಯಾಡ, ವ್ಯಾಲಿಸ್ನೇರಿಯಾ ಹಚ್ಚು, ಏರ್ ಪಂಪ್ ಇನ್ವರ್ಟರಿಗೆ ಹಾಕು ಅಂದೆ. ನಿನ್ನೆ ಫೋಟೋ ಕಳಿಸ್ಯಾನ. ಗಿಡ ಚಂದ ಹಚ್ಯಾನ, ಇನ್ವರ್ಟರಿಗೂ ಹಾಕ್ಯಾನ, ಆದ್ರ ಪಂಪ್ ನೆಲದ ಮ್ಯಾಲೆ ಇಟ್ಟಾನ, ಪೈಪಿನ್ಯಾಗ ಚೆಕ್ ವಾಲ್ವ್ ಕಾಣವಲ್ದು. ಈಗ ಹೊಳ್ಳಿ ಫೋನ್ ಹಚ್ಚಬೇಕು.